ನಮ್ಮೂರಿನ ಮಟ್ಟಿಗೆ ಟ್ಯಾನ್ 45ರ ಬೆಲೆ ಏರಿಸಿಕೊಡುವ ಬಗ್ಗೆ

ಇಂದ:
ಮೃತ್ಯುಂಜಯ,
ಗಣಿತದ ಅತಿಥಿ ಶಿಕ್ಷಕ, ಪ್ರೌಢಶಾಲೆ,
ಚಾಮರಾಜನಗರ–ಗುಂಡ್ಲುಪೇಟೆ ರಸ್ತೆಯಿಂದ ಒಳಕ್ಕಿರುವ ಒಂದು ಊರು.
(ಹೆಸರು ಬರೆದರೆ ಊರಿನ ಟ್ಯಾಂಕಿಗೆ ಬೇಸರವಾದೀತೆಂದು ಬಿಡಲಾಗಿದೆ.)

ಗೆ:
ಮಾನ್ಯ ಅಧ್ಯಕ್ಷರು,
ಗಣಿತದ ಬೆಲೆಗಳ ಪರಿಷ್ಕರಣಾ ಪ್ರಾಧಿಕಾರ (ಇದ್ದಲ್ಲಿ).

ವಿಷಯ: ಟ್ಯಾನ್ 45 ಡಿಗ್ರಿಯ ಬೆಲೆಯನ್ನು ನಮ್ಮೂರಿನ ಸರಹದ್ದಿನೊಳಗೆ 1ರಿಂದ 1.39ಕ್ಕೆ ಏರಿಸಿಕೊಡುವ ಬಗ್ಗೆ.

ಉಲ್ಲೇಖ: 1) ಹತ್ತನೇ ತರಗತಿಯ ಗಣಿತ, ತ್ರಿಕೋನಮಿತಿ.
2) ನೀರಿನ ಟ್ಯಾಂಕಿನ ಕಂಬದ ಮೇಲಿನ ಬೋರ್ಡಿನಲ್ಲಿ ನೀಲಿ ಬಣ್ಣದಲ್ಲಿ ಬರೆದಿರುವ 'ಎತ್ತರ 12 ಮೀ.'
3) ಮುಖ್ಯ ಶಿಕ್ಷಕರು ಬಾಯಿಮಾತಿನಲ್ಲಿ ಕೊಟ್ಟ ನೋಟಿಸು. ಬರೆದುಕೊಡಿ ಎಂದಾಗ ಪೆನ್ನು ಸಿಗಲಿಲ್ಲ.

ಮಾನ್ಯರೇ,

ಸದರಿ ಅರ್ಜಿದಾರನು ಮಕ್ಕಳಿಗೆ ತ್ರಿಕೋನಮಿತಿ ಕಲಿಸಲು ಹೋಗಿ ಒಂದು ಟ್ಯಾಂಕನ್ನು ಗಿಡ್ಡ ಮಾಡಿದ ಆರೋಪಕ್ಕೆ ಗುರಿಯಾಗಿದ್ದಾನೆ. ವಿವರ ಈ ಕೆಳಕಂಡಂತಿದೆ.

1. ಸೈನ್, ಕಾಸ್, ಟ್ಯಾನ್‌ಗಳನ್ನು ಮಕ್ಕಳು ಬಾಯಿಪಾಠ ಮಾಡಿ ಮುಗಿಸಿದ್ದರು. ಆದರೆ ಪುಸ್ತಕದ ತುಂಬ ಒಬ್ಬನೇ ಮನುಷ್ಯ ಗೋಪುರದ ತುದಿ ನೋಡಿಕೊಂಡು ನಿಂತಿರುವುದನ್ನು ಕಂಡು ಮೇಲಿನ ಬೀದಿಯ ಶೃತಿ ಎಂಬ ವಿದ್ಯಾರ್ಥಿನಿ, "ಸಾ, ಆ ಮನ್ಸ ಏನ್ ಕಳ್ಕಂಡವ್ನೆ ಅಂತ ಅಂಗ್ ಮ್ಯಾಕ್ಕೆ ನೋಡ್ತಾವ್ನೆ?" ಎಂದು ಕೇಳಿದಳು. ಆದಕಾರಣ ಅರ್ಜಿದಾರನು ಮಕ್ಕಳನ್ನು ಊರ ಹೊಸ ಟ್ಯಾಂಕಿನ ಬಳಿ ಕರೆದೊಯ್ದನು. ಟ್ಯಾಂಕನ್ನೇ ಆರಿಸಿದ್ದಕ್ಕೆ ಕಾರಣ ಅದರ ಮೈಮೇಲೆ ಉತ್ತರ ಬರೆದಿತ್ತು ಎಂಬುದೇ. ಮಕ್ಕಳ ಲೆಕ್ಕ ಬೋರ್ಡಿಗೆ ತಾಳೆಯಾದರೆ ಎಲ್ಲರೂ ಚಪ್ಪಾಳೆ ತಟ್ಟಿ ಮನೆಗೆ ಹೋಗಬಹುದು ಎಂಬುದು ಅವನ ಸದುದ್ದೇಶವಾಗಿತ್ತು. ಸದುದ್ದೇಶಕ್ಕೆ ಈ ನಾಡಿನಲ್ಲಿ ಏನಾಗುತ್ತದೆಂದು ತಮಗೆ ಹೇಳಬೇಕಾಗಿಲ್ಲ.

2. ಕೋನಮಾಪಕಕ್ಕೆ ಎಳನೀರಿನ ಸ್ಟ್ರಾ ಅಂಟಿಸಿ, ದಾರದಲ್ಲಿ ಒಂದು ನಟ್ಟು ಇಳಿಬಿಟ್ಟು ಉಪಕರಣ ತಯಾರಿಸಲಾಯಿತು. ಶೃತಿ ಸ್ಟ್ರಾದೊಳಗಿಂದ ಟ್ಯಾಂಕಿನ ತುದಿ ನೋಡುತ್ತಾ ಹಿಂದೆ ಹಿಂದೆ ನಡೆದು, ಚೆಂಡುಹೂವಿನ ಹೊಲದ ಬದುವಿನ ಮೇಲೆ ಉನ್ನತ ಕೋನ ಸರಿಯಾಗಿ 45 ಆದಾಗ ನಿಂತಳು. ಅಲ್ಲಿಂದ ಟ್ಯಾಂಕಿಗೆ 7.6 ಮೀಟರ್. ಟ್ಯಾನ್ 45 ಎಂದರೆ ಒಂದು. ಅಂದರೆ ಎಷ್ಟು ದೂರವೋ ಅಷ್ಟೇ ಎತ್ತರ. "ಏಳೂವರೆ ಚಿಲ್ರೆ ಸಾ!" ಎಂದಳು. "ಕಣ್ಣು ಪಾದದಲ್ಲಿದೆಯೇನಮ್ಮ? ಕಣ್ಣಿನ ಎತ್ತರ ಕೂಡಿಸೋದು ಯಾರು?" ಎಂದು ಅರ್ಜಿದಾರನು ಗದರಿದನು. ಅವಳು 1.4 ಕೂಡಿಸಿದಳು. ಒಂಬತ್ತು.

3. ಟ್ಯಾಂಕು ಹನ್ನೆರಡು, ಉತ್ತರ ಒಂಬತ್ತು. ಇನ್ನೂ ಹಿಂದಕ್ಕೆ ಹೋಗಿ 30 ಡಿಗ್ರಿಯಿಂದ ನೋಡಿಸಲಾಯಿತು. ಒಂಬತ್ತೇ ಬಂತು. ಹೀಗೆ 30 ಡಿಗ್ರಿಯೂ ಪಿತೂರಿಯಲ್ಲಿ ಶಾಮೀಲಾಗಿರುವುದು ಕಂಡುಬಂದಿದೆ. ಟ್ಯಾಂಕಿನ ಮೇಲಕ್ಕೆ ಹತ್ತಿ, ಹಗ್ಗ ಇಳಿಬಿಟ್ಟು ಅಳೆಯೋಣವೆಂದರೆ ಏಣಿಗೆ ಬೀಗ. ಬೀಗದಕೈ ಟ್ಯಾಂಕು ಕಟ್ಟಿಸಿದ ಗುತ್ತಿಗೆದಾರರಾದ ಪುಟ್ಟಬಸಪ್ಪನವರ ಸೊಂಟದಲ್ಲಿ. ಅವರೇ ಶಾಲಾ ಸಮಿತಿಯ ಅಧ್ಯಕ್ಷರೂ ಹೌದು. ಎಂಥ ಅನುಕೂಲ!

4. ಮಾರನೆಯ ದಿನವೇ ಅಧ್ಯಕ್ಷರು ಶಾಲೆಗೆ ದಯಮಾಡಿಸಿ, "ಆ ಮೇಲ್ಬೀದಿ ಉಡ್ಗೀಗೆ ಕಣ್ಣು ನೆತ್ತಿಗೇರ್ಬುಟ್ಟದೆ ಮೇಷ್ಟ್ರೇ, ಒಸಿ ಇಳ್ಸಿ" ಎಂದರು. ಅರ್ಜಿದಾರನು ಈ ಸಲಹೆಯನ್ನು ಗಂಭೀರವಾಗಿ ಪರಿಶೀಲಿಸಿದ್ದಾನೆ. ಕಣ್ಣು ನಿಜವಾಗಿ ನೆತ್ತಿಗೇರಿದರೂ ಲೆಕ್ಕಕ್ಕೆ ಸೇರುವುದು ಅರ್ಧ ಗೇಣು. ಹತ್ತಿರ ಹತ್ತಿರ ಮೂರು ಮೀಟರ್ ಇನ್ನೂ ಬಾಕಿಯೇ ಉಳಿಯುತ್ತದೆ.

5. ಈ ಮೂರು ಮೀಟರ್ ಎಲ್ಲಿಗೆ ಹೋಯಿತೆಂದು ಕೇಳುವುದು ಅತಿಥಿಯ ಕೆಲಸವಲ್ಲ. ಅತಿಥಿ ಶಿಕ್ಷಕ ಎಂದರೆ ಯಾವಾಗ ಬೇಕಾದರೂ 'ಹೋಗಿ ಬನ್ನಿ' ಅನ್ನಿಸಿಕೊಳ್ಳಬಹುದಾದವನು. ಆದರೆ ಮೇಲಿನ ಬೀದಿ ದಿಣ್ಣೆಯ ಮೇಲಿದ್ದು, ಅಲ್ಲಿಗೆ ನೀರು ಹತ್ತಬೇಕಾದರೆ ಟ್ಯಾಂಕು ಹನ್ನೆರಡು ಮೀಟರ್ ಇರಲೇಬೇಕೆಂದು ನಕ್ಷೆಯಲ್ಲೇ ಇದೆಯಂತೆ. ಕೂಲಿಗೆ ಹೋಗುವ ಶೃತಿಯ ತಾಯಿ ಚಿಕ್ಕಬಸಮ್ಮ ಹೇಳುವುದು ಇಷ್ಟೇ: "ನಲ್ಲಿ ತಿರುಗ್ಸುದ್ರೆ ಉಸ್ ಅಂತದೆ ಕಣಪ್ಪ, ಒಂದ್ ತೊಟ್ಟು ನೀರಿಲ್ಲ. ಟ್ಯಾನೋ ಗೀನೋ ಕಾಣೆ, ಕೆಳಗಿಂದ ಕೊಡ ಒತ್ತು ಒತ್ತು ನನ್ ನೆತ್ತಿ ಸವ್ದೋಯ್ತು."

6. ಮುಖ್ಯ ಶಿಕ್ಷಕರು ಶೃತಿಯನ್ನು ಕೊಠಡಿಗೆ ಕರೆಸಿ, ಮೇಜಿನ ಮೇಲೆ ರಬ್ಬರು ಇಟ್ಟರು. "ಟ್ಯಾಂಕಿನ ಬೋರ್ಡಿನಲ್ಲಿ ಇರೋದೇ ಸರಿ ಉತ್ತರ. ಒಂಬತ್ತು ಅಳಿಸಿ ಹನ್ನೆರಡು ಬರಿ, ಆಂತರಿಕ ಅಂಕ ಹಾಕ್ತೀನಿ. ಇಲ್ಲಾಂದ್ರೆ ಸೊನ್ನೆ." ಅರ್ಜಿದಾರನು ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದನು. ಬರೆದುಬಿಡಲಿ, ನನ್ನ ಕೆಲಸವೂ ಉಳಿಯಲಿ ಎಂದು ಅವನ ಮನಸ್ಸು ಹೇಳುತ್ತಿತ್ತು. ಹುಡುಗಿ ರಬ್ಬರು ಕೈಗೆತ್ತಿಕೊಂಡು ಕೇಳಿದಳು:

"ಬರಿತೀನಿ ಸಾ. ಅನ್ನೆರಡು ಅಂತ ಬರುದ್ರೆ ನಮ್ ಬೀದಿಗೆ ನೀರ್ ಅತ್ತದಾ?"

ಮುಖ್ಯ ಶಿಕ್ಷಕರು ಹಾಜರಿ ಪುಸ್ತಕ ತೆರೆದು ಹಾಳೆ ತಿರುವತೊಡಗಿದರು.

"ಅತ್ತುದ್ರೆ ಯೋಳಿ ಸಾ, ಈಗ್ಲೇ ಬರ್ದ್‌ಬುಡ್ತೀನಿ. ಸಂಜೆ ನಲ್ಲಿ ತಿರುಗ್ಸಿ ನೋಡ್ತೀನಿ."

ಅರ್ಜಿದಾರನಿಗೆ ಹೇಳಲಾರದಷ್ಟು ನಾಚಿಕೆಯಾಯಿತು. ಅವಳ ಕೈಯಿಂದ ರಬ್ಬರು ಈಸಿಕೊಂಡು ಜೇಬಿಗೆ ಹಾಕಿಕೊಂಡನು. ಮುಖ್ಯ ಶಿಕ್ಷಕರು ಸೋಮವಾರದವರೆಗೆ ಗಡುವು ಕೊಟ್ಟಿದ್ದಾರೆ, ಅವಳ ಅಂಕಕ್ಕೂ ಇವನ ಕೆಲಸಕ್ಕೂ.

ಆದ್ದರಿಂದ, ಹುಡುಗಿಯೂ ಸುಳ್ಳು ಬರೆಯಬಾರದು, ಬೋರ್ಡೂ ಸುಳ್ಳಾಗಬಾರದು, ಪುಟ್ಟಬಸಪ್ಪನವರ ಮನಸ್ಸೂ ನೋಯಬಾರದು ಎಂಬ ಕಾರಣಗಳಿಂದ ಟ್ಯಾನ್ 45ರ ಬೆಲೆಯನ್ನು 1.39 ಎಂದು ಆದೇಶಿಸಬೇಕಾಗಿ ಪ್ರಾರ್ಥನೆ. ವಾರ್ಷಿಕ ಪರೀಕ್ಷೆಯ ಆ ಮೂರು ಗಂಟೆ ಮಾತ್ರ ಅದು ಮತ್ತೆ 1 ಆಗಿರಲಿ. ಇದು ಸಾಧ್ಯವಿಲ್ಲವಾದರೆ, ಶೃತಿಯ ಕಣ್ಣುಗಳು ನೆಲದಿಂದ 4.4 ಮೀಟರ್ ಎತ್ತರದಲ್ಲಿವೆ ಎಂದು ದೃಢೀಕರಣ ಪತ್ರ ಕೊಡಿಸಿ. ಅದೂ ಆಗದಿದ್ದರೆ, ಕಂಬದ ಮೇಲಿನ ಬೋರ್ಡು ಓದಿಕೊಂಡು ಅದರಂತೆ ಹತ್ತತಕ್ಕದ್ದು ಎಂದು ನೀರಿಗೇ ಒಂದು ಸುತ್ತೋಲೆ ಹೊರಡಿಸಿ. ಪಾಪ, ಅದಕ್ಕೆ ಓದಲು ಬರುವುದಿಲ್ಲ. ಅದಕ್ಕೇ ಇಷ್ಟು ದಿನ ಒಂಬತ್ತರ ಲೆಕ್ಕದಲ್ಲೇ ಹರಿಯುತ್ತಿದೆ.

ಸದ್ಯಕ್ಕೆ ಟ್ಯಾನ್ 45ರ ಹಳೆಯ ಒಂದರ ಮೇಲೇ ವಿಶ್ವಾಸವಿಟ್ಟಿರುವ,
ತಮ್ಮ ವಿಶ್ವಾಸಿ,
ಮೃತ್ಯುಂಜಯ
(ಸೋಮವಾರದವರೆಗೆ ಅತಿಥಿ ಶಿಕ್ಷಕ)

ಲಗತ್ತುಗಳು:
1. ಸ್ಟ್ರಾ, ದಾರ, ನಟ್ಟು ಸಹಿತ ಕೋನಮಾಪಕ.
2. ಶೃತಿಯ ಲೆಕ್ಕದ ಹಾಳೆ. ಒಂಬತ್ತು ಹಾಗೇ ಇದೆ.
3. ಮುಖ್ಯ ಶಿಕ್ಷಕರ ರಬ್ಬರು, ಬಳಸಿಲ್ಲ.
4. ಖಾಲಿ ಕೊಡ, ಒಂದು. ಇದನ್ನು ಮಾತ್ರ ದಯವಿಟ್ಟು ಇಂದೇ ಹಿಂದಿರುಗಿಸಿ. ಬೆಳಿಗ್ಗೆ ಚಿಕ್ಕಬಸಮ್ಮನವರಿಗೆ ಬೇಕು.