ಸುಲಲಿತ ಭಾಷೆಯ ಪಟ್ಟಾಭಿಷೇಕ

ಬಹಳ ಹಿಂದೆ, ಅಂದರೆ ಆಳುವವರೂ ತಪ್ಪು ಮಾಡುತ್ತಿದ್ದ ಕಾಲದಲ್ಲಿ, ಮಂದಾರಪುರಿಯೆಂಬ ರಾಜ್ಯವೊಂದಿತ್ತು. ಶ್ರೀಮನ್ಮಹಾರಾಜ ವಿಳಂಬಾದಿತ್ಯರು ಅದನ್ನು ಆಳುತ್ತಿದ್ದರು. ಬೆಟ್ಟದಲ್ಲಿ ಜೋರು ಮಳೆಯಾದರೆ ಅಲ್ಲಿನ ಚಂಡಿಕಾ ನದಿ ಅರ್ಧ ಗಂಟೆಯಲ್ಲಿ ಕುಂಬಾರಕೇರಿಗೆ ನುಗ್ಗುತ್ತಿತ್ತು. ಮೊದಲೇ ಎಚ್ಚರಿಸಲು ಗಣಕಯಂತ್ರವೊಂದನ್ನು ಸ್ಥಾಪಿಸುವಂತೆ ರಾಜಾಜ್ಞೆಯಾಯಿತು. ಪ್ರೋಗ್ರಾಂ ಬರೆಯುವ ಕೆಲಸ ನೀಲಾಂಬಿಕೆಯೆಂಬ ಗಣಕಾಧಿಕಾರಿಯ ಪಾಲಿಗೆ ಬಂತು.

"ಮಹಾಪ್ರಭು, ನಮ್ಮಲ್ಲಿ ಎರಡು ಪ್ರೋಗ್ರಾಮಿಂಗ್ ಭಾಷೆಗಳಿವೆ," ಎಂದು ಆಕೆ ಅರಿಕೆ ಮಾಡಿಕೊಂಡಳು. "ಸುಲಲಿತದಲ್ಲಿ ಬರೆಯಲು ಮೂರೇ ದಿನ, ಆದರೆ ನದಿಯ ಲೆಕ್ಕ ಮುಗಿಯಲು ಒಂದು ಗಂಟೆ. ಕರ್ಕಶದಲ್ಲಿ ಬರೆಯಲು ಮೂರು ತಿಂಗಳು, ಲೆಕ್ಕ ಎರಡೇ ನಿಮಿಷ. ಅರಮನೆಯ ಊಟದ ಪಟ್ಟಿಗಾದರೆ ಸುಲಲಿತವೇ ಚೆನ್ನ. ನದಿಗೆ ಕರ್ಕಶವೇ ಬೇಕು."

ಮಹಾಮಂತ್ರಿ ಸ್ತುತಿಪಾಲರು ಕಿವಿ ಮುಚ್ಚಿಕೊಂಡರು. "ಎಂಥ ಹೆಸರಮ್ಮ ಅದು! ಪ್ರಭುಗಳ ಎದುರಿನಲ್ಲೇ ಪರೀಕ್ಷೆಯಾಗಲಿ."

ಪರೀಕ್ಷೆಯಾಯಿತು. 'ವಿಳಂಬಾದಿತ್ಯರಿಗೆ ಜಯವಾಗಲಿ' ಎಂಬ ಒಂದು ಸಾಲನ್ನು ಎರಡೂ ಭಾಷೆಗಳಲ್ಲಿ ಬರೆಸಿ ಯಂತ್ರಕ್ಕೆ ಉಣಿಸಲಾಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಎರಡೂ ಭಾಷೆಗಳು ಜಯಕಾರ ಹಾಕಿದವು.

"ವೇಗದಲ್ಲಿ ವ್ಯತ್ಯಾಸವೇ ಇಲ್ಲವಲ್ಲ!" ಎಂದರು ಮಹಾರಾಜರು.

"ಜಯಕಾರ ಹಾಕಲು ಯಾವ ಭಾಷೆಯೂ ತಡಮಾಡುವುದಿಲ್ಲ ಪ್ರಭು. ಮೂವತ್ತು ಹಳ್ಳಗಳ ನೀರನ್ನು ಕೂಡಿಸಲು ಹೇಳಿ ನೋಡಿ. ಪೂರ್ತಿ ಕರ್ಕಶ ಬೇಡವೆಂದರೆ ನೀರಿನ ದೊಡ್ಡ ಲೆಕ್ಕವಷ್ಟೇ ಅದರಲ್ಲಿರಲಿ, ಉಳಿದದ್ದು ಸುಲಲಿತದಲ್ಲಿ."

"ಅಂದರೆ ಸಮ್ಮಿಶ್ರ ಸರಕಾರ!" ಎಂದು ಸ್ತುತಿಪಾಲರು ಚೀರಿದರು. ಮಹಾರಾಜರು ನಡುಗಿ, ಸುಲಲಿತದ ಕಡತಕ್ಕೆ ಕೂಡಲೇ ಮುದ್ರೆ ಒತ್ತಿದರು.

ಆಷಾಢದ ಒಂದು ಬೆಳಿಗ್ಗೆ ಬೆಟ್ಟ ಕಪ್ಪಾಯಿತು. ಯಂತ್ರ ಲೆಕ್ಕಕ್ಕೆ ಕುಳಿತಿತು. ನೀಲಾಂಬಿಕೆ ಹತ್ತು ನಿಮಿಷ ಕಾದಳು. ಪರದೆಯ ಮೇಲೆ 'ದಯವಿಟ್ಟು ನಿರೀಕ್ಷಿಸಿ' ಎಂದಿತ್ತು. ಆಮೇಲೆ ಆಕೆ ಚಪ್ಪಲಿ ಕಳಚಿ ಕುಂಬಾರಕೇರಿಯತ್ತ ಓಡಿದಳು.

"ಏಳ್ರೀ, ಗುಡ್ಡ ಹತ್ರೀ! ಏನೂ ಎತ್ತಿಕೊಳ್ಳಬೇಡಿ!"

ಜನ ಉಳಿದರು. ಮಡಕೆ ಸುಡುವ ಗೂಡು, ಕುಂಬಾರರ ತಿಗರಿ, ಮನೆ ಯಾವುದೂ ಉಳಿಯಲಿಲ್ಲ. ನೀರು ಸೂರು ಮುಟ್ಟಿ ಬಹಳ ಹೊತ್ತಾದ ಮೇಲೆ ಯಂತ್ರ ಗಂಭೀರವಾಗಿ ಗಂಟೆ ಬಾರಿಸಿತು: 'ಪ್ರವಾಹ ಬರುವ ಸಂಭವವಿದೆ. ಎತ್ತರ ಹನ್ನೊಂದು ಅಡಿ.'

ರಾಜಭಟರು ಅಳೆದು ನೋಡಿದರು. ಸರಿಯಾಗಿ ಹನ್ನೊಂದು ಅಡಿ!

ಆಸ್ಥಾನ ರೋಮಾಂಚನಗೊಂಡಿತು. ಸುಲಲಿತಕ್ಕೆ 'ಸತ್ಯವಾಕ್ಯ ಚಕ್ರವರ್ತಿ' ಎಂಬ ಬಿರುದು ನೀಡಿ, ಗಣಕಯಂತ್ರದ ನೆತ್ತಿಗೆ ಕಿರೀಟ ತೊಡಿಸಲಾಯಿತು. ಅಧಿಕೃತ ಪ್ರಕಟಣೆಗೆ ಮೊದಲೇ ಪ್ರವಾಹದ ಗುಟ್ಟು ರಟ್ಟು ಮಾಡಿದ ಅಪರಾಧಕ್ಕೆ ನೀಲಾಂಬಿಕೆ ಸೆರೆಮನೆ ಸೇರಿದಳು. ಇನ್ನು ಮುಂದೆ ಯಂತ್ರ ಹೇಳುವ ಮುನ್ನ ಯಾರೂ ಮನೆ ಬಿಟ್ಟು ಕದಲಕೂಡದೆಂದು ಡಂಗುರವಾಯಿತು.

ಬಯಲಲ್ಲಿ ನಿಂತಿದ್ದ ಕುಂಬಾರರ ಮಾರವ್ವ ಕೈಮುಗಿದು ಕೇಳಿದಳು: "ಅಷ್ಟೊತ್ತಿಗೆ ನೀರು ಮೂಗಿನ ಮಟ್ಟಕ್ಕೆ ಬಂದಿದ್ರೆ ಏನ್ಮಾಡೋಣ ಸ್ವಾಮಿ?"

ಡಂಗುರದ ಜೊತೆ ಬಂದಿದ್ದ ಸ್ತುತಿಪಾಲರು ಪ್ರಸನ್ನರಾಗಿ ನಕ್ಕರು. "ಉಸಿರು ಬಿಗಿಹಿಡಿದು ಸಹಕರಿಸಿ ತಾಯಿ. ಲೆಕ್ಕ ನಡೆಯುತ್ತಿರುತ್ತದೆ."