ಹೇಳಬಾರದ ಕಾಯಿಲೆ, ಕೇಳಬಾರದ ಔಷಧ

ಯುದ್ಧದ ಕಾಲದಲ್ಲಿ ನಾನು ಚನ್ನರಾಯಪಟ್ಟಣದ ಒಂದು ಸಣ್ಣ ಹೆಣ್ಣಾಸ್ಪತ್ರೆಯಲ್ಲಿ ನರ್ಸಾಗಿದ್ದೆ. ಗಂಡಂದಿರು ಎಲ್ಲೆಲ್ಲೋ ತಿರುಗಿ ಗುಪ್ತರೋಗ ಅಂಟಿಸಿಕೊಂಡು ಬರೋರು; ನಾಚಿಕೆ ಮಾತ್ರ ಹೆಂಡತಿಯರ ಪಾಲು. ಆ ನಾಚಿಕೆಯಿಂದಾದ ಫಜೀತಿ ಒಂದೆರಡಲ್ಲ, ಬಾಗಿಲು ತೆಗೆದ ದಿನವೆಲ್ಲ ಏನಾದರೊಂದು ಇದ್ದೇ ಇರುತ್ತಿತ್ತು.

೧. ಅಕ್ಕನ ಕಾಯಿಲೆ

ಯಾವ ಹುಡುಗಿಯೂ ಕಾಯಿಲೆ ತನಗೆ ಅಂತ ಒಪ್ಪುತ್ತಿರಲಿಲ್ಲ. ಎಲ್ಲ ಅಕ್ಕನಿಗೇ. ಶಾಂತಿಗ್ರಾಮದ ಕಡೆಯವಳೊಬ್ಬಳು ಅಕ್ಕನಿಗೆ ಉರಿ, ಅಕ್ಕನಿಗೆ ನೋವು ಅಂತ ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದಳು. ಡಾಕ್ಟ್ರಮ್ಮ ಗುಳಿಗೆ ಕೊಟ್ಟರು. ಕೈಗೆ ಬಂದದ್ದೇ ತಡ, ಒಂದನ್ನು ಅಲ್ಲೇ ಬಾಯಿಗೆ ಹಾಕಿ ನೀರು ಕುಡಿದಳು. ಇದೇನಮ್ಮ, ಅಕ್ಕನದಲ್ಲವೇ ಅಂದೆ.

"ಅವ್ಳು ಗುಳಿಗೆ ನುಂಗಾಕೆ ಎದರ್ತಾಳೆ ಕಣವ್ವ. ನಾನೇ ನುಂಗ್ಬುಡ್ತೀನಿ ಅಂತ ಏಳ್ಬಂದಿವ್ನಿ."

೨. ಅರಿಸಿನ ಕುಂಕುಮ

ಔಷಧಕ್ಕೆ ಸೀಸೆ ಮನೆಯಿಂದಲೇ ತರಬೇಕಿತ್ತು. ಸೀಸೆ ಹಿಡಿದು ಹೊರಟರೆ ಬೀದಿಯವರು ಏನಾಯ್ತು ಅಂತ ಕೇಳದೆ ಬಿಡುತ್ತಾರೆಯೇ? ಪೇಟೆಯ ಅಂಗಡಿಯವರ ಸೊಸೆಯೊಬ್ಬಳು ಉಪಾಯ ಮಾಡಿದಳು. ಬುಟ್ಟಿಯ ತುಂಬ ಹೂವು, ಎಲೆ ಅಡಿಕೆ, ತಳದಲ್ಲಿ ಸೀಸೆ. ಡಾಕ್ಟ್ರಮ್ಮನಿಗೆ ಅರಿಸಿನ ಕುಂಕುಮ ಕೊಟ್ಟು ಬರುತ್ತೇನೆ ಅಂತ ಹೊರಡುವಳು. ಎರಡು ವಾರ ಸರಿಹೋಯಿತು. ಮೂರನೆಯ ವಾರ, ಇವಳೊಬ್ಬಳಿಗೇ ಯಾಕೆ ಈ ಪುಣ್ಯ ಅಂತ ಬೀದಿಯ ಹೆಂಗಸರೆಲ್ಲ ಬುಟ್ಟಿ ಹಿಡಿದು ಹಿಂದೆಯೇ ಬಂದರು. ಇವಳ ಮುಖ ಬಿಳುಚಿಕೊಂಡಿತು. ಡಾಕ್ಟ್ರಮ್ಮ ಎಲ್ಲರ ಕೈಲೂ ಕುಂಕುಮ ಇಡಿಸಿಕೊಂಡು ಹೋಗಿಬನ್ನಿ ಅಂದರು. ಮೂವರು ಮಾತ್ರ ಏಳಲಿಲ್ಲ. ಅವರ ಹೂವಿನಡಿಯಲ್ಲೂ ಸೀಸೆ ಇತ್ತು.

೩. ಗಂಡಸರ ಸೂಜಿ

ಹಿರೀಸಾವೆ ಕಡೆಯ ಇಪ್ಪತ್ತು ವರ್ಷದ ಸೊಸೆಯೊಬ್ಬಳಿಗೆ ಡಾಕ್ಟ್ರಮ್ಮ ಖಡಾಖಂಡಿತವಾಗಿ ಹೇಳಿದರು: ಗಂಡನೂ ಸೂಜಿ ಹಾಕಿಸಿಕೊಳ್ಳದಿದ್ದರೆ ರೋಗ ಮತ್ತೆ ಅಂಟುತ್ತದೆ, ಮಗು ನಿಲ್ಲುವುದು ಕಷ್ಟ. ಮೊದಲನೆಯದು ಹೊಟ್ಟೆಯಲ್ಲೇ ಹೋಗಿತ್ತು. ಪಾಪ, ಬಿಕ್ಕಿಬಿಕ್ಕಿ ಅತ್ತಳು. ನನಗೂ ಸಂಕಟವಾಯಿತು.

ಹೆಣ್ಣಾಸ್ಪತ್ರೆ ಮೆಟ್ಟಿಲು ನಾನು ಹತ್ತೋದಾ ಅಂದನಂತೆ ಗಂಡ. ಇವಳು ಚಾಪೆ ಸುತ್ತಿಕೊಂಡು ಹೋಗಿ ಅತ್ತೆಯ ಪಕ್ಕದಲ್ಲಿ ಹಾಸಿದಳು. ಮೂರನೆಯ ದಿನ ಅತ್ತೆ ಯಾಕೆ ಅಂತ ಕೇಳಿದ್ದಕ್ಕೆ ಎಲ್ಲ ಹೇಳಿಬಿಟ್ಟಳು.

ಮಾರನೆಯ ಬೆಳಿಗ್ಗೆ ನಮ್ಮ ಬಾಗಿಲಿಗೆ ಎತ್ತಿನ ಗಾಡಿ ಬಂತು. ಮುಂದೆ ಅತ್ತೆ, ಹಿಂದೆ ತಲೆ ತಗ್ಗಿಸಿದ ಮಗ, ಅವನ ಹಿಂದೆ ಮಾವ. ಮಗನಿಗೆ ಸೂಜಿ ಆಯಿತು. ಮಾವ ರುಮಾಲು ಸರಿಮಾಡಿಕೊಂಡು ಹೊರಡಲು ಎದ್ದರು. ಅತ್ತೆ ಅವರ ತೋಳು ಹಿಡಿದು ಬೆಂಚಿನ ಮೇಲೆ ಕೂರಿಸಿದಳು.

"ಈವಯ್ಯಂಗೂ ಒಂದು ಸೂಜಿ ಆಕಿ, ಡಾಕ್ಟ್ರವ್ವ. ನನ್ ಸೊಸೆ ಮೂರೇ ದಿನಕ್ಕೆ ಬಾಯ್ಬುಟ್ಲು. ನಾನು ಮೂವತ್ತು ವರ್ಸ ಸುಮ್ಕಿದ್ದೆ."