ಹುಳು ಮನೆಗೆ ಬಾರದ ಕಣ್ಣಿನ ಮದ್ದು

ಕಣ್ಣು ಕೈಕೊಡಲು ಶುರುಮಾಡಿದವನನ್ನು ಕಂಡರೆ ಜನ ಅಯ್ಯೋ ಅನ್ನುತ್ತಾರೆ. ಸರಿಯೇ. ಆದರೆ ಅವನ ಫಜೀತಿಗಳಿಗೆ ನಗು ಬಂದರೆ ಪಾಪವೇನಲ್ಲ, ನಾನೇ ನಕ್ಕಿದ್ದೇನೆ. ಸ್ವಾತಂತ್ರ್ಯ ಬಂದು ಹತ್ತು ಹನ್ನೆರಡು ವರ್ಷವಾಗಿದ್ದ ಕಾಲ. ನಮ್ಮದು ಶಿಡ್ಲಘಟ್ಟದ ಪಕ್ಕದ ಹಳ್ಳಿ, ಮನೆ ತುಂಬ ರೇಷ್ಮೆಹುಳು.

ಸೊಕ್ಕಿನವನು

ಎದುರಿನದು ಚೆನ್ನಾಗಿಯೇ ಕಾಣುತ್ತಿತ್ತು, ಅಕ್ಕಪಕ್ಕದ್ದು ಕಾಣುತ್ತಿರಲಿಲ್ಲ. ಅದೊಂದು ಕಾಯಿಲೆಯೆಂದು ನನಗೇ ಗೊತ್ತಿರಲಿಲ್ಲ. ಚಿಂತಾಮಣಿ ಬಸ್‌ಸ್ಟ್ಯಾಂಡಿನಲ್ಲಿ ಬೀಗರು ಪಕ್ಕದಲ್ಲೇ ನಿಂತು ಕೈಮುಗಿದರಂತೆ. ನಾನು ತಿರುಗಿಯೂ ನೋಡಲಿಲ್ಲವಂತೆ. "ಎರಡು ಬೆಳೆ ಚೆನ್ನಾಗಿ ಬಂತಲ್ಲ, ಸೊಕ್ಕು" ಅಂದು ಮಾತು ಬಿಟ್ಟರು. ಅಂದಿನಿಂದ ಬೀದಿಗಿಳಿದರೆ ಎಡಕ್ಕೊಂದು, ಬಲಕ್ಕೊಂದು ಕೈಮುಗಿಯುತ್ತಲೇ ನಡೆದೆ. ಒಂದು ಎಮ್ಮೆಗೂ ಮುಗಿದೆ. ಕಟ್ಟೆಯ ಮೇಲಿದ್ದ ಮುದುಕರೊಬ್ಬರು ಕೇಳಿದರು: "ಏಮಪ್ಪಾ, ಎಲೆಕ್ಷನ್‌ಗೆ ನಿಂತಿದೀಯಾ?"

ಡಾಕ್ಟರ ಉತ್ತರ

ಚಿಕ್ಕಬಳ್ಳಾಪುರದ ಕಣ್ಣಿನ ಡಾಕ್ಟರು ಗ್ಲಾಕೋಮ ಅಂದರು. ಕಣ್ಣೊಳಗೆ ಒತ್ತಡ ಏರಿ ನರ ಸಾಯುತ್ತಿದೆ, ಹೋದ ದೃಷ್ಟಿ ಬರುವುದಿಲ್ಲ, ಬದುಕಿರುವವರೆಗೂ ಒಂದು ದಿನವೂ ತಪ್ಪದೆ ಮದ್ದು ಬಿಡಬೇಕು. ಹೆಂಡತಿಯೂ ಜೊತೆಗೆ ಬಂದಿದ್ದಳು. ಹೆಂಡತಿ ಬಿಡಲಿಲ್ಲ: "ಹೋಗಿದ್ದು ಬರಲ್ಲ ಅಂದ್ಮೇಲೆ ಮದ್ದು ಯಾತಕ್ಕೆ ಸ್ವಾಮಿ?"

"ಬಾಗಿಲಿಗೆ ಬೀಗ ಹಾಕ್ತೀಯಲ್ಲಮ್ಮ, ಕಳೆದ ಒಡವೆ ಬರಲಿ ಅಂತಲಾ? ಇರೋದಾದ್ರೂ ಉಳೀಲಿ ಅಂತ."

ಮಾತು ಅವಳ ಮನಸ್ಸಿಗೆ ಎಷ್ಟು ನಾಟಿತೆಂದರೆ, ಮನೆಗೆ ಬಂದವಳೇ ಸೀಸೆಯನ್ನು ಒಡವೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ಬೀಗದಕೈ ಎಲ್ಲಿಟ್ಟೆನೆಂದು ಮರೆತಳು, ಕೊನೆಗೆ ಬೀಗ ಒಡೆಯಬೇಕಾಯಿತು.

ಸಾಹೇಬರ ಜಗಲಿ

ಹುಳು ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಕಳಚಿ, ಸೊಪ್ಪಿಗೆ ಬಿದ್ದಾಗ ನಮ್ಮ ಮನೆಯಲ್ಲಿ ಒಗ್ಗರಣೆಯೂ ಇಲ್ಲ, ನಶ್ಯವೂ ಇಲ್ಲ. ಘಾಟು ತಗುಲಿದರೆ ಹುಳು ಸೊಪ್ಪು ತಿನ್ನುವುದು ಬಿಡುತ್ತದೆಂಬುದು ಅಮ್ಮನ ಕಾನೂನು. ನನ್ನ ಮದ್ದೂ ಆಚೆಗೆ ಹೋಯಿತು. ಪಕ್ಕದ ಮನೆಯ, ನೂಲು ತೆಗೆಯುವ ಸಾಹೇಬರು ಸೀಸೆ ಇಟ್ಟುಕೊಂಡರು. ದಿನಾ ಬೆಳಿಗ್ಗೆ ನಾನು ಅವರ ಜಗಲಿಯ ಮೇಲೆ ಅಂಗಾತ ಮಲಗುವುದು, ಅವರು "ಬಿಸ್ಮಿಲ್ಲಾ" ಅಂದು ಹನಿ ಬಿಡುವುದು.

ಸಾಹೇಬರು ಕಣ್ಣಿಗೆ ಮಂತ್ರ ಹಾಕುತ್ತಾರೆಂದು ಊರೆಲ್ಲ ಸುದ್ದಿಯಾಯಿತು. ಜಗಲಿ ಮುಂದೆ ಸಾಲು! "ನಾನು ನೂಲು ತೆಗೆಯೋನು ಕಣ್ರಪ್ಪಾ" ಎಂದು ಅವರು ಅಂಗಲಾಚಿದರು. ಒಂದು ದಿನ ಆ ಸಾಲಿನಲ್ಲಿ ಸೆರಗು ಮುಸುಕೆಳೆದುಕೊಂಡು ನಿಂತಿದ್ದವಳು ನಮ್ಮಮ್ಮ.

"ಅಮ್ಮಾ, ಇದು ಡಾಕ್ಟರು ನಿಮ್ಮ ಮಗನಿಗೆ ಕೊಟ್ಟಿದ್ದು. ನನ್ನ ಬಾಯಲ್ಲೇನೂ ಇಲ್ಲ" ಅಂದರು ಸಾಹೇಬರು.

"ಬಾಯಲ್ಲಿರೋದು ಮೊದ್ಲು ಹೇಳಿ ಸಾಯಬ್ರೆ. ಮದ್ದು ಆಮೇಲೆ ನೋಡಣ."

ಅಂದೇ ಡಾಕ್ಟರ ಬಳಿಗೆ ಕರೆದೊಯ್ದೆ. ಅದೇ ಕಾಯಿಲೆ. ರಕ್ತಸಂಬಂಧದಲ್ಲಿ ಬರುತ್ತದಂತೆ. ಒಂದು ಕಣ್ಣು ಆಗಲೇ ಹೋಗಿತ್ತು, ಇನ್ನೊಂದನ್ನು ಉಳಿಸಬಹುದು ಅಂದರು.

"ಯಾಕಮ್ಮ ಹೇಳ್ಲಿಲ್ಲ?"

"ಹೇಳಿದ್ರೆ ನನ್ನನ್ನೇ ಹುಳು ಮನೆಯಿಂದ ಆಚೆಗೆ ಹಾಕ್ತಿದ್ರಿ."

ಎಷ್ಟೋ ಕಾಲದಿಂದ ಹುಳುಗಳನ್ನು ಬೆರಳಲ್ಲೇ ಮುಟ್ಟಿ ಮುಟ್ಟಿ ಆರಿಸುತ್ತಿದ್ದಳಂತೆ. ಬಸ್ಸಿನಲ್ಲಿ ಅವಳ ಕೈ ಹಿಡಿದುಕೊಂಡು ಅತ್ತುಬಿಟ್ಟೆ.

ಮುಂದಿನ ಬೆಳೆ, ಮತ್ತೆ ನಾಲ್ಕನೇ ಜ್ವರ ಎದ್ದ ಹುಳು. ಅಮ್ಮನ ಸೀಸೆ ಹುಳು ಮನೆಯ ಗೋಡೆಗೂಡಿನಲ್ಲೇ ಕೂತಿತ್ತು. ನನ್ನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು, "ಏನತ್ತೆ ಇದು? ಹುಳು ಸೊಪ್ಪು ಬಿಡಲ್ವಾ?" ಅಂದಳು.

ಅಮ್ಮ ತಟ್ಟೆಗೆ ಸೊಪ್ಪು ಹರಡುತ್ತಾ ಹೇಳಿದಳು: "ಅವುಗಳ್ನ ಕೇಳಿದೀನಿ ಕಣೇ. ಒಪ್ಕೊಂಡವೆ."